ಬರೋಬರಿ

ಸದಾಶಿವ ಪೇಟೆಯ ಮಂಗಲ ಕಾರ್ಯಾಲಯ. ನಿನ್ನೆ ಇಲ್ಲಿ ಯಾರದೋ ಮದುವಿ.
ಮೇಜಿನ ಕೆಳಗ ಇನ್ನೂ ಅಕ್ಕಿಕಾಳು, ಅರಿಷಿಣ ಹತ್ತಿದ್ದು,
ಚಪ್ಪಲಿ ಬಿಟ್ಟ ಪಾದಕ್ಕ ಒತ್ತತಾವು.
ವಧೂವರರ ಖುರ್ಚಿ ಇದ್ದಲ್ಲಿ ಒಂದನೇ ಬೋರ್ಡು:
ಕನ್ನಡಕದ ಹುಡುಗ. ಅವನವ್ವ ದೂರ ನಿಂತು
ಬಾದಾಮಿ ಸುಲಿಯಾಕತ್ತಾಳ.
ಅರವತ್ಮೂರನೇದು ನಮ್ಮದು, ಕೈ ತೊಳಿಯೋ ನಳದ ಬಾಜೂಕ.

ಆರನೇ ಸುತ್ತು. ನನಗ ಎರಡು ಅಂಕ, ಅವರಿಗೂ ಎರಡು.
ಅವರು ವಾಳುಂಜಕರ, ಸ್ವಾರಗೇಟ ಡಿಪೋದ ರಿಟೈರ್ಡ್ ಕಂಡಕ್ಟರ್.
ನಾ ಬಿಬ್ವೇವಾಡಿಯ ಔಷಧ ಅಂಗಡಿಯಾಂವ, ಇಂಡಿ ತಾಲೂಕಿನಾಂವ.
ಗಡಿಯಾರ ಒತ್ತೂ ಮುಂದ ಅವರ ಕೈ ಒಂದು ಗಳಿಗಿ
ಮ್ಯಾಲ ಹೋಗತದ, ಇಲ್ಲದ ಹಗ್ಗ ಹುಡುಕಿ.
ಎರಡು ಸಲ ಜಗ್ಗಿದ್ರ ಬಸ್ಸು ಬಿಡತಿತ್ತು.
ಇಲ್ಲಿ ಓಡೂದು ನನ್ನ ಟೈಮು.

ರಬ್ಬರಿನ ಹಾಸು ಸುರುಳಿ ಮರತಿಲ್ಲ, ಮೂಲಿ ಏಳತದ,
ಅವರ ಆನಿ ಅದರ ಮ್ಯಾಲ ಓರೆಯಾಗಿ ನಿಂತದ.
ಅವರದೊಂದು ಕುದುರಿ ಬ್ಯಾರೇ ಸೆಟ್ಟಿಂದು, ಗಿಡ್ಡ;
ಎರಡು ಸಲ ಕಾಲಾಳು ಅಂತ ತಿಳಕೊಂಡೆ,
ಎರಡನೇ ಸಲ ರಾಣಿ ಹೋಗೂದು ಕೂದಲೆಳಿಯಾಗ ತಪ್ಪಿತು.
ಆಮ್ಯಾಲ ಆನಿಗೆ ಆನಿ, ರಾಣಿಗೆ ರಾಣಿ.
ಅವರು ವಜೀರ ಅಂದರು, ನಾ ರಾಣಿ ಅಂದೆ,
ಹೋದದ್ದು ಒಂದೇ.

ಉಳಿದದ್ದು ಒಂಟಿ. ನಮ್ಮ ಕಡೆ ಒಂಟೆಗೂ ಅದೇ ಮಾತು,
ಒಬ್ಬನೇ ಇರಾಂವಗೂ ಅದೇ ಮಾತು.
ನನ್ನ ಒಂಟಿ ಬಿಳಿ ಮನಿ ಹಿಡದು ತಿರಗತದ, ಅವರದು ಕರಿ ಮನಿ.
ಕಾತ್ರಜದಾಗ ಒಂದೇ ಖೋಲಿ, ಒಂದೇ ಕಾಟು,
ಹಗಲು ಪಾಳಿಯಾಂವ ನಾ, ರಾತ್ರಿ ಪಾಳಿಯಾಂವ ಇನ್ನೊಬ್ಬ,
ಎರಡು ವರ್ಷ ಬಾಡಿಗಿ ಹಂಚಿಕೊಂಡಿದ್ವಿ.
ಅವನ ದಿಂಬಿನ ಎಣ್ಣಿ ವಾಸನಿ ಗೊತ್ತು, ಮುಖ ನೆನಪಿಲ್ಲ.

ನನಗೊಂದು ಕಾಲಾಳು ಹೆಚ್ಚು. ಎರಡು ಮನಿ ದಾಟಿದ್ರ ರಾಣಿ ಪಟ್ಟ.
ಮುಂದಿನ ಮನಿ ಕರೀದು. ಅಲ್ಲಿ ಅವರ ರಾಜ ಕೂತುಬಿಟ್ಟಾನ,
ಕಿಡಕಿ ಸೀಟು ಹಿಡದಾಂವ ಕೂತಂಗ,
ಹಡಪಸರ ಬರೂತನಕ ಏಳೂದಿಲ್ಲ.
ನಾ ಒಂಟಿನ್ನ ಅತ್ತ ಇಟ್ಟೆ. ಇತ್ತ ಇಟ್ಟೆ. ಮತ್ತ ಅತ್ತ.
ಆಗ, ಫ್ಯಾನಿನ ಗರಗರದಾಗ, ಅವರು ಅಂದರು: ಬರೋಬರಿ.

ಹದಿನಾಲ್ಕು ವರ್ಷ ಆತು ಈ ಊರಾಗ. ಮರಾಠಿ ಬರತದ,
ಕನಸಿನ್ಯಾಗೂ ಬರತದ ಒಮ್ಮೊಮ್ಮೆ.
ಬರೋಬರಿ ಅಂದ್ರ ಇಲ್ಲಿ ಸಮ ಸಮ, ಗೆಲುವಿಲ್ಲ, ಸೋಲಿಲ್ಲ.
ಆದರ ಆ ಹೊತ್ತಿಗೆ ಕಿವಿ ಇಂಡಿಗೆ ಹೋಗಿತ್ತು,
ಜ್ವಾಳದ ಅಡತಿ ಅಂಗಡಿಗೆ. ತಕ್ಕಡಿ ಮುಳ್ಳು ನಟ್ಟಗ ನಿಂತ್ರ
ಅಪ್ಪ ಅಂತಿದ್ದ: ಬರೋಬರಿ ಅದ, ಮುಂದಿನ ಚೀಲ ತಗೀ.
ಬರೋಬರಿ, ಅಂದೆ ನಾನೂ. ಕೈ ಚಾಚಿದೆ.
ಅವರು ಕೈ ನೋಡಿದರು, ಹರಕ ನೋಟು ನೋಡಿದಂಗ,
ತಿರುವಿ ನೋಡಲಿಲ್ಲ ಅಷ್ಟ. ತಗೊಂಡರು.

ನಿರ್ಣಾಯಕ ಹುಡುಗ ಬಂದ. ಡ್ರಾ ಕೇಳಿದವರು ಯಾರು?
ಇವರು, ಅಂತ ನಾ.
ಇವರು, ಅಂತ ಅವರು. ಒಂದೇ ಉಸುರಿಗೆ.
ಬಾಜೂದ ಬೋರ್ಡಿನ ಹುಡುಗಿ, ಒಂಬತ್ತು ವರ್ಷ ಇದ್ದೀತು,
ಬಾಯಾಗ ಚಕ್ಕುಲಿ ಇಟಗೊಂಡೇ ಅಂದಳು:
ಕಾಕಾ, ಕುದುರಿ ಇದ್ದಾಗ ಅದನ್ನ ಇಲ್ಲಿ ಜಿಗಸಿದ್ರ ಗೆದ್ದಬಿಡತಿದ್ರಿ.
ಯಾವ ಕಾಕಾಗ ಹೇಳಿದಳೋ. ಇಬ್ಬರೂ ತಲಿ ಅಲ್ಲಾಡಿಸಿದ್ವಿ.

ಹಾಳಿ ಮ್ಯಾಲ ಅರ್ಧ ಅಂತ ಬರದು ಸಹಿ ಮಾಡೂ ಮುಂದ ವಾಳುಂಜಕರ ನಕ್ಕರು:
ಮೂವತ್ತೊಂದು ವರ್ಷ ಹಾಫ್ ತಿಕೀಟು ಹರದು ಕೊಟ್ಟೆ,
ಇವತ್ತ ಮೊದಲನೇ ಸಲ ತಗೊಂಡೆ.
ನನಗೂ ಏನೋ ಹೇಳೂದಿತ್ತು, ಕತ್ತರಿಲೇ ಅರ್ಧ ಮಾಡಿ ಕೊಡೋ
ಗುಳಿಗಿ ಪಟ್ಟಿ ಬಗ್ಗೆ, ಕೊಂಡವರು ಉಳಿದರ್ಧಕ್ಕ
ತಿರುಗಿ ಬರದೇ ಇರೋದರ ಬಗ್ಗೆ.
ಅದನ್ನ ಮರಾಠಿಯಾಗ ಹೊಂದಿಸೂದರಾಗ
ಅವರು ಚಪ್ಪಲಿ ಹುಡುಕಾಕ ಹೋಗಿದ್ದರು.

ಹಿಮ್ಮಡಕ್ಕ ಹತ್ತಿದ ಒಂದು ಅಕ್ಕಿಕಾಳು ಕಿತ್ತಿ,
ಎಲ್ಲಿ ಇಡಬೇಕು ತಿಳೀದ,
ಖಾಲಿ ಬೋರ್ಡಿನ ಒಂದು ಕರಿ ಮನಿಯಾಗ ಇಟ್ಟೆ.